ಜಗಲಿಯಲ್ಲಿ ಚಾಪೆ ಹಾಸಿದ ಅಮ್ಮನಿಗೆ

ಅಮ್ಮಾ, ನಿಮ್ಮ ಹೆಸರನ್ನೂ ಕೇಳದೆ ಹೊರಟುಬಂದೆ.

ಸುಡುಬಿಸಿಲಿನ ನಡಿಗೆ, ತಲೆಸುತ್ತು, ಮೀನಖಂಡದಲ್ಲಿ ಸೆಳೆತ. ನೀರೇನೋ ಕುಡಿದಿದ್ದೆ. ಆದರೆ ಬೆವರಿನ ಜೊತೆ ಹೋದ ಉಪ್ಪನ್ನು ಬರೀ ನೀರು ತುಂಬಿಕೊಡುವುದಿಲ್ಲ.

ಯಾರು, ಎಲ್ಲಿಂದ ಎಂದು ನೀವು ವಿಚಾರಿಸಲಿಲ್ಲ. ನೆರಳಲ್ಲಿ ಮಲಗಿಸಿ, ಶೂ ಬಿಚ್ಚಿಸಿ, ಕಾಲಡಿಗೆ ಮಡಚಿದ ಕಂಬಳಿ ಇಟ್ಟಿರಿ. ಕಾಲು ಒಂದು ಗೇಣು ಮೇಲಿದ್ದರೆ ರಕ್ತ ಎದೆಯತ್ತ ಮರಳುವುದು ಸುಲಭ. ಕತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಬೀಸುತ್ತಲೇ ಇದ್ದಿರಿ. ಎಷ್ಟೋ ಜನ ಈ ಬೀಸುವುದನ್ನೇ ಮರೆಯುತ್ತಾರೆ. ನೀರು ಆವಿಯಾಗುವಾಗಲೇ ಅಲ್ಲವೇ ಮೈಯ ಬಿಸಿ ಇಳಿಯುವುದು?

ಆಮೇಲೆ ಕುಡಿಯಲು ಕೊಟ್ಟದ್ದು: ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲಿನ ಗುಡ್ಡೆಯನ್ನು ಬೆರಳಿನಿಂದ ಸವರಿ ಸಮ ಮಾಡಿದ್ದು ಇನ್ನೂ ಕಣ್ಣಲ್ಲಿದೆ. ಉಪ್ಪು ಜಾಸ್ತಿಯಾದರೆ ಅಪಾಯ, ಸಕ್ಕರೆ ಜಾಸ್ತಿಯಾದರೆ ಭೇದಿ. ಗಟಗಟ ಕುಡಿಯಲು ಹೋದಾಗ ಲೋಟ ಕಸಿದುಕೊಂಡಿರಿ! ಒಮ್ಮೆಲೇ ಕುಡಿದಿದ್ದರೆ ವಾಂತಿಯಾಗುತ್ತಿತ್ತು. ಗುಟುಕು ಗುಟುಕಾಗಿ ನೀವೇ ಕುಡಿಸಿದಿರಿ.

ಅರ್ಧ ಗಂಟೆಯಲ್ಲಿ ಚೇತರಿಕೆ ಕಾಣದಿದ್ದರೆ, ಮಾತು ತೊದಲಿದರೆ ಆಸ್ಪತ್ರೆಯೇ ದಾರಿ. ಅದಕ್ಕೆಂದು ಪಕ್ಕದ ಮನೆಯವರಿಗೆ ಗಾಡಿ ಸಿದ್ಧವಿಡಲು ಹೇಳಿದ್ದಿರಂತೆ. ಬೇಕಾಗಲಿಲ್ಲ. ನಿದ್ದೆ ಬಂತು.

ದೇವರ ಮೇಲೂ ಮನುಷ್ಯರ ಮೇಲೂ ನಂಬಿಕೆ ಸೋತು ಹೊರಟ ನಡಿಗೆ ಅದು. ಎಚ್ಚರವಾದಾಗ, ತೊಳೆದು ಒಣಗಿಸಿದ ಕಾಲುಚೀಲ ಚಾಪೆಯ ಪಕ್ಕ ಮಡಚಿ ಇಟ್ಟಿತ್ತು. ಎಷ್ಟೋ ತಿಂಗಳ ಮೇಲೆ ಕೈಮುಗಿದೆ, ನಿಮ್ಮ ಜಗಲಿಯಲ್ಲೇ ಕೂತು.