ಈ ಮುಂಗಾರಿನಿಂದ ಭತ್ತದ ಕಿಟ್ ಇಲ್ಲ: ನಮ್ಮ ಸಂಘದ ಸದಸ್ಯರಿಗೂ ಗ್ರಾಹಕರಿಗೂ ಪತ್ರ

ರೈತ ಬಂಧುಗಳೇ, ನಮಸ್ಕಾರ.

ಈ ಮುಂಗಾರಿನಿಂದ ನಮ್ಮ ಸಂಘದ ಗೊಬ್ಬರದಂಗಡಿಯಲ್ಲಿ 'ಭತ್ತದ ಕಿಟ್' ಸಿಗುವುದಿಲ್ಲ. ಎಕರೆಗೆ ಇಷ್ಟು ಡಿಎಪಿ, ಇಷ್ಟು ಯೂರಿಯಾ, ಇಷ್ಟು ಪೊಟ್ಯಾಷ್, ಜೊತೆಗೊಂದು ಜಿಂಕ್ ಪೊಟ್ಟಣ ಅಂತ ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಕಟ್ಟಿ ಕೊಡುತ್ತಿದ್ದೆವಲ್ಲ, ಅದನ್ನು ನಿಲ್ಲಿಸಿದ್ದೇವೆ. ಗೊಬ್ಬರ ಬಿಡಿಯಾಗಿ ಎಂದಿನಂತೆ ಸಿಗುತ್ತದೆ. ಮಣ್ಣು ಪರೀಕ್ಷೆಯ ಚೀಟಿ ತಂದರೆ ಅದನ್ನು ನೋಡಿ, ನಿಮ್ಮ ಗದ್ದೆಗೆ ಎಷ್ಟು ಬೇಕೋ ಅಷ್ಟನ್ನು ಬರೆದುಕೊಡುತ್ತೇವೆ. ಚೀಟಿ ಇಲ್ಲದವರನ್ನು ವಾಪಸ್ ಕಳಿಸುವುದಿಲ್ಲ, ಆ ಭಯ ಬೇಡ.

ಕಿಟ್ ಅನುಕೂಲವಾಗಿತ್ತು, ಯಾಕೆ ತೆಗೆದಿರಿ ಅಂತ ಹಲವರು ಕೇಳುತ್ತಿದ್ದಾರೆ. ಅನುಕೂಲವಾಗಿತ್ತು ನಿಜ. ಬಿಲ್ ಬರೆಯುವ ನಮ್ಮ ಹುಡುಗರಿಗಂತೂ ಇನ್ನೂ ಅನುಕೂಲ. ಆದರೆ ನಮ್ಮ ಸದಸ್ಯರ ಜಮೀನೆಲ್ಲ ಒಂದೇ ಥರ ಇಲ್ಲ. ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದಲ್ಲಿ ಕೆಂಪು ಮರಳುಮಿಶ್ರಿತ ಮಣ್ಣು. ನೀರು ಬಿಟ್ಟರೆ ಬೇಗ ಇಂಗುತ್ತದೆ, ಹಾಕಿದ ಯೂರಿಯಾವನ್ನೂ ಜೊತೆಗೆ ಒಯ್ಯುತ್ತದೆ. ಅದೇ ಊರಿನ ತಗ್ಗಿನಲ್ಲಿ, ಬಸಿಗಾಲುವೆ ಹೂಳು ತುಂಬಿ ಮುಚ್ಚಿಹೋಗಿರುವ ಕಡೆ, ನೀರು ನಿಂತು ನಿಂತು ನೆಲ ಚೌಳಾಗಿದೆ. ಬೇಸಿಗೆಯಲ್ಲಿ ಹೋಗಿ ನೋಡಿ, ಬದುವಿನ ಪಕ್ಕ ಬೂದಿ ಚೆಲ್ಲಿದ ಹಾಗೆ ಬಿಳಿ ಉಪ್ಪು ಕೂತಿರುತ್ತದೆ. ಹೋದ ಸಲ ಬಂದ ಚೀಟಿಗಳಲ್ಲಿ ಒಂದು ಗದ್ದೆಯ ರಸಸಾರ (ಮಣ್ಣು ಹುಳಿಯೋ ಕ್ಷಾರವೋ ಅಂತ ಹೇಳುವ ಪಿಎಚ್ ಅಂಕಿ) 6ರ ಆಸುಪಾಸು ಇತ್ತು, ನಾಲ್ಕು ಹೊಲ ದಾಟಿದರೆ ಇನ್ನೊಂದರದು 8 ಮೀರಿತ್ತು. ಈ ಎರಡಕ್ಕೂ ಒಂದೇ ಕಿಟ್ ಅಂದರೆ ಹೇಗೆ?

ರಸಸಾರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮಣ್ಣಿನಲ್ಲಿ ಪೋಷಕಾಂಶ ಇರುವುದು ಬೇರೆ, ಅದು ಬೇರಿಗೆ ಸಿಗುವುದು ಬೇರೆ. ರಸಸಾರ ಆರೂವರೆಯಿಂದ ಏಳೂವರೆ ಒಳಗಿದ್ದರೆ ಹೆಚ್ಚು ಕಡಿಮೆ ಎಲ್ಲ ಪೋಷಕಾಂಶಗಳೂ ಗಿಡಕ್ಕೆ ಸಿಗುತ್ತವೆ. ಐದೂವರೆಗಿಂತ ಕೆಳಗಿಳಿದರೆ ಕಬ್ಬಿಣ, ಅಲ್ಯೂಮಿನಿಯಂ ಸೇರಿ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಎಂಟರ ಮೇಲೆ ಹೋದರೆ ಆ ಕೆಲಸವನ್ನು ಸುಣ್ಣದ ಅಂಶ ಮಾಡುತ್ತದೆ, ಸತು (ಜಿಂಕ್) ಮತ್ತು ಕಬ್ಬಿಣವೂ ಗಿಡದ ಕೈಗೆ ಸಿಗದಂತಾಗುತ್ತವೆ. 50 ಕಿಲೋ ಡಿಎಪಿ ಚೀಲದಲ್ಲಿ 23 ಕಿಲೋ ರಂಜಕ ಅಂತ ಲೆಕ್ಕ. ಅದರಲ್ಲಿ ಆ ವರ್ಷದ ಬೆಳೆಗೆ ಕಾಲು ಭಾಗ ಸಿಕ್ಕರೆ ಹೆಚ್ಚು. ಉಳಿದದ್ದು ಮಣ್ಣಿನಲ್ಲೇ ಕೂತಿರುತ್ತದೆ. ಚೀಟಿಯಲ್ಲಿ ರಂಜಕ 'ಹೆಚ್ಚು' ಅಂತ ಇದ್ದರೂ ವರ್ಷ ವರ್ಷ ಡಿಎಪಿ ಸುರಿಯುವುದು ಸುಮ್ನೆ ದುಡ್ಡು ದಂಡ. ಡಿಎಪಿ ಮಾರುವ ಅಂಗಡಿಯವರೇ ಹೀಗೆ ಹೇಳುತ್ತಾರಲ್ಲ ಅಂತ ನಗಬೇಡಿ. ಇದು ನಿಮ್ಮದೇ ಸಂಘ.

ಕಿಟ್ ತೆಗೆಯಲು ದೊಡ್ಡ ಕಾರಣ ಜಿಂಕ್. ನಾಟಿ ಮಾಡಿ ಎರಡು ಮೂರು ವಾರಕ್ಕೆ ಪೈರಿನ ಕೆಳಗಿನ ಎಲೆಗಳಲ್ಲಿ ತುಕ್ಕಿನ ಬಣ್ಣದ ಚುಕ್ಕೆ ಬಂದು, ತೆಂಡೆ (ಬುಡದ ಮರಿಕವಲು) ಒಡೆಯದೆ, ಗದ್ದೆ ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಕುಳ್ಳಗೆ ನಿಲ್ಲುವುದನ್ನು ನೀವೆಲ್ಲ ನೋಡಿದ್ದೀರಿ. ಬೆಂಕಿ ರೋಗ ಅಂದುಕೊಂಡು ಔಷಧಿ ಹೊಡೆದವರೂ ಇದ್ದಾರೆ. ಎಷ್ಟೋ ಸಲ ಅದು ರೋಗವೇ ಅಲ್ಲ, ಸತುವಿನ ಕೊರತೆ. ಇದನ್ನು ಖೈರಾ ಅನ್ನುತ್ತಾರೆ. 1966ರಲ್ಲಿ ಪಂತನಗರ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿ ವೈ.ಎಲ್. ನೆನೆ ಅವರು ಇದಕ್ಕೆ ಸತುವಿನ ಕೊರತೆಯೇ ಕಾರಣ ಅಂತ ತೋರಿಸಿಕೊಟ್ಟರು. ಚೌಳು ನೆಲದಲ್ಲಿ, ನೀರು ಬಸಿಯದೆ ನಿಂತ ಕಡೆ, ಚಳಿ ಇದ್ದಾಗ ಇದು ಜಾಸ್ತಿ.

ನಮ್ಮಲ್ಲಿ ಕಿಟ್ ಒಯ್ದವರು ಮನೆಯ ಅಂಗಳದಲ್ಲೇ ಡಿಎಪಿ ಚೀಲ ಬಿಚ್ಚಿ, ಜಿಂಕ್ ಪೊಟ್ಟಣವನ್ನೂ ಅದರ ಮೇಲೆ ಸುರಿದು, ಸನಿಕೆಯಲ್ಲಿ ಕಲಸಿ ಒಂದೇ ಸಲಕ್ಕೆ ಎರಚುತ್ತಾರೆ. ಹೀಗೆ ಕಲಸಿದಾಗ ಸತುವೂ ರಂಜಕವೂ ಒಂದಕ್ಕೊಂದು ಕಚ್ಚಿಕೊಂಡು ನೀರಿನಲ್ಲಿ ಕರಗದಂತಾಗುತ್ತವೆ. ಹಾಕಿದ ಸತು ಗಿಡಕ್ಕೆ ಸರಿಯಾಗಿ ದಕ್ಕುವುದಿಲ್ಲ. ಒಂದೇ ಚೀಲದಲ್ಲಿ ಕಟ್ಟಿ ಕೊಟ್ಟರೆ ಜನ ಒಟ್ಟಿಗೇ ಹಾಕುತ್ತಾರೆ, ಅದು ಸಹಜ ಅಲ್ವಾ? ಅದಕ್ಕೇ ಇನ್ನು ಮೇಲೆ ಜಿಂಕ್ ಸಲ್ಫೇಟನ್ನು ಬೇರೆಯಾಗಿ, ಬೇಕಾದವರಿಗೆ ಮಾತ್ರ ಕೊಡುತ್ತೇವೆ. ಸಾಮಾನ್ಯವಾಗಿ ಭತ್ತಕ್ಕೆ ಎಕರೆಗೆ 8 ಕಿಲೋ. ಮರಳಿನ ಜೊತೆ ಬೆರೆಸಿ ಎರಚಿ, ಡಿಎಪಿಗೂ ಇದಕ್ಕೂ ಮೂರ್ನಾಲ್ಕು ದಿನ ಅಂತರ ಇರಲಿ. ಪೈರಿನಲ್ಲಿ ಈಗಾಗಲೇ ಚುಕ್ಕೆ ಬಂದಿದ್ದರೆ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಸೇರಿಸಿ, ಸೋಸಿ ಎಲೆಯ ಮೇಲೆ ಸಿಂಪಡಿಸಿ. ಅದಕ್ಕೂ ಮೊದಲು ಗದ್ದೆಯ ನೀರು ಬಸಿದು ಒಂದೆರಡು ದಿನ ಗಾಳಿಯಾಡಲು ಬಿಡಿ.

ಕಬ್ಬಿನವರು ನಮಗೇನು ಅಂತ ಕೇಳಬಹುದು. ಭತ್ತದ ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿನ ಕಬ್ಬಿಣ ಕರಗುವ ರೂಪಕ್ಕೆ ಬರುತ್ತದೆ, ಹಾಗಾಗಿ ಭತ್ತಕ್ಕೆ ಕಬ್ಬಿಣದ ಕೊರತೆ ಅಪರೂಪ. ಅದೇ ಜಮೀನಿಗೆ ಕಬ್ಬು ಹಾಕಿ, ಕಟಾವಾದ ಬುಡದಿಂದಲೇ ಮತ್ತೆ ಚಿಗುರಲು ಕೂಳೆ ಬಿಟ್ಟ ಮೇಲೆ ಸುಳಿ ಎಲೆ ಬಿಳಿಚಿಕೊಂಡು ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣ ಸಿಗದೆ ಹಾಗಾಗಿದೆ ಅಂತ ತಿಳಿಯಿರಿ. ಇದಕ್ಕೆ ಯೂರಿಯಾ ಎರಚಿ ಪ್ರಯೋಜನವಿಲ್ಲ. ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆ, ಸುಳಿ ಅಲ್ಲ. ಅಂಗಡಿಗೆ ಬರುವಾಗ ಮೇಲಿನದೊಂದು, ಕೆಳಗಿನದೊಂದು ಎಲೆ ಕಿತ್ತು ತಂದರೆ ನಮಗೂ ಹೇಳಲು ಸುಲಭ.

ಚೌಳು ಜಮೀನಿನವರಿಗೆ ಒಂದು ಮಾತು. ನಿಮಗೆ ಮೊದಲು ಬೇಕಾದ್ದು ಗೊಬ್ಬರವಲ್ಲ, ಬಸಿಗಾಲುವೆ. ನೀರು ಹೊರಗೆ ಹೋಗದಿದ್ದರೆ ಜಿಪ್ಸಂ ಹಾಕಿದರೂ ಉಪ್ಪು ಅಲ್ಲೇ ಇರುತ್ತದೆ. ಹಸಿರೆಲೆ ಗೊಬ್ಬರದ ಗಿಡವಾದ ಡಯಾಂಚದ ಬೀಜ ಚೆಲ್ಲಿ, ಹೂ ಬರುವ ಮೊದಲೇ ಮಣ್ಣಿಗೆ ಉತ್ತರೆ ಒಳ್ಳೆಯದು. ಈ ಸಲ ಬೀಜ ತರಿಸಿದ್ದೇವೆ.

ಮಣ್ಣು ತೆಗೆಯುವುದು ಹೀಗೆ. ಕೊಯ್ಲಾದ ಮೇಲೆ, ಗೊಬ್ಬರ ಹಾಕುವ ಮೊದಲು, ಗದ್ದೆಯಲ್ಲಿ ಅಡ್ಡಾದಿಡ್ಡಿ ನಡೆದು ಎಂಟು ಹತ್ತು ಕಡೆ ಮಣ್ಣು ತೆಗೆಯಿರಿ. ಮೇಲಿನ ಕೂಳೆ, ಕಸ ಸರಿಸಿ ಅರ್ಧ ಅಡಿ ಆಳಕ್ಕೆ ವಿ ಆಕಾರದಲ್ಲಿ ಗುಂಡಿ ತೋಡಿ, ಅದರ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಪದರ ಕೆರೆದುಕೊಳ್ಳಿ. ಬದು, ಮರದ ನೆರಳು, ತಿಪ್ಪೆಯ ಜಾಗ ಬೇಡ. ಎಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ತನ್ನಿ. ದಯವಿಟ್ಟು ಗೊಬ್ಬರದ ಖಾಲಿ ಚೀಲದಲ್ಲಿ ತರಬೇಡಿ, ಚೀಟಿಯಲ್ಲಿ ಆ ಚೀಲದ ಗೊಬ್ಬರವೇ ಬರುತ್ತದೆ. ಬುಧವಾರದೊಳಗೆ ಅಂಗಡಿಗೆ ಕೊಟ್ಟರೆ ಎಲ್ಲರದನ್ನೂ ಸೇರಿಸಿ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂಗೆ ಪರೀಕ್ಷೆಗೆ ಒಯ್ಯುತ್ತೇವೆ. ಹೋಗಿಬರುವ ಖರ್ಚು ಸಂಘದ್ದು, ಪರೀಕ್ಷೆಯ ಶುಲ್ಕ ನಿಮ್ಮದು.

ಕಿಟ್‌ಗೆ ಮುಂಗಡ ಕೊಟ್ಟವರು ರಸೀದಿ ತನ್ನಿ. ಆ ಹಣಕ್ಕೆ ಬೇಕಾದ ಗೊಬ್ಬರವನ್ನೇ ಬಿಡಿಯಾಗಿ ಒಯ್ಯಬಹುದು, ಬೇಡವೆಂದರೆ ಹಣ ವಾಪಸ್. ನಾಲೆಗೆ ನೀರು ಬಿಟ್ಟ ಮೇಲೆ ಅಂಗಡಿಯಲ್ಲಿ ನೂಕುನುಗ್ಗಲು, ಆಗ ಚೀಟಿ ಓದಿ ಹೇಳಲು ಪುರುಸೊತ್ತು ಇರುವುದಿಲ್ಲ. ಒಟ್ಲು (ಸಸಿಮಡಿ) ಹಾಕುವ ಮೊದಲೇ ಬಂದು ಹೋಗಿ.

ಇಂತಿ,
ಕಾರ್ಯದರ್ಶಿ,
ನಿಮ್ಮ ರೈತರ ಸಹಕಾರ ಸಂಘ, ಮಂಡ್ಯ ತಾಲ್ಲೂಕು