ಎಣಿಸದೆ ಬರೆದ ಅಂಕಿ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂದು ಒಂಬತ್ತು ದಿನವಾಯಿತು. ಉತ್ತರ ಬರೆಯಲು ಕುಳಿತು ಎರಡು ಬಾರಿ ಎದ್ದುಹೋದೆ. ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ನರ್ಸಿಂಗ್ ಡಿಪ್ಲೊಮಾ ಮುಗಿದ ಮೇಲೆ ಪದವಿಗೆ ಸೇರಲೇ, ಮೊದಲು ಕೆಲಸ ಹಿಡಿಯಲೇ, ಐಸಿಯು ಆದೀತೇ, ಹೊರದೇಶಕ್ಕೆ ಹೋಗುವುದಾದರೆ ಈಗಿನಿಂದ ಏನು ಮಾಡಬೇಕು ಎಂದು ನಾಲ್ಕು ಪುಟ ಕೇಳಿದ್ದೀಯೆ. ತಿಳಿದಷ್ಟು ಬರೆಯುತ್ತೇನೆ. ಆದರೆ ಮೂರನೆಯ ಪುಟದ ಕೊನೆಯಲ್ಲಿ, ಅಕ್ಷರ ಸಣ್ಣದು ಮಾಡಿ, ಒಂದು ಮಾತು ಸೇರಿಸಿದ್ದೀಯಲ್ಲ, ಹನ್ನೊಂದನೇ ಹಾಸಿಗೆಯ ಹಿರಿಯರ ಉಸಿರನ್ನು ಎಣಿಸದೆ ಚಾರ್ಟಿನಲ್ಲಿ ನಿಮಿಷಕ್ಕೆ 18 ಎಂದು ಬರೆದೆ, ಎಲ್ಲರೂ ಹಾಗೆಯೇ ಬರೆಯುತ್ತಾರೆ, ಯಾರಿಗೂ ಗೊತ್ತಾಗಲಿಲ್ಲ, ನಾನು ಇಂಥವಳೇ ಆಗಿಬಿಡುತ್ತೇನೇನೋ ಎಂದು ಭಯವಾಗುತ್ತದೆ ಎಂದು, ಅದನ್ನು ಓದಿದಾಗಿನಿಂದ ನನಗೆ ನೆಮ್ಮದಿಯಿಲ್ಲ.

ನಿನ್ನ ಮೇಲೆ ನನಗೆ ಕೋಪವಿಲ್ಲ. ಅದು ಹೇಗೆ ಆಗುತ್ತದೆ ಎಂದು ನನಗೆ ಗೊತ್ತು. ಮೂವತ್ತು ಹಾಸಿಗೆ, ಒಬ್ಬೊಬ್ಬರಿಗೆ ಒಂದು ನಿಮಿಷವೆಂದರೂ ಉಸಿರಿಗೇ ಅರ್ಧ ಗಂಟೆ ಹೋಗುತ್ತದೆ. ರೌಂಡ್ಸಿಗೆ ಮೊದಲು ಚಾರ್ಟ್ ತುಂಬಿರಬೇಕು, ಡ್ರಿಪ್ ಬದಲಿಸಬೇಕು, ಯಾರಿಗೋ ಬೆಡ್‌ಪ್ಯಾನ್ ಬೇಕು. ರಕ್ತದೊತ್ತಡಕ್ಕೆ ಯಂತ್ರ ಇದೆ, ಜ್ವರಕ್ಕೆ ಥರ್ಮಾಮೀಟರ್ ಇದೆ, ನಾಡಿಯನ್ನು ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ತೋರಿಸಿಬಿಡುತ್ತದೆ. ಸಾಮಾನ್ಯ ವಾರ್ಡಿನಲ್ಲಿ ಉಸಿರಿಗೆ ಮಾತ್ರ ಯಾವ ಉಪಕರಣವೂ ಇರುವುದಿಲ್ಲ, ನಿಂತು ನೋಡಬೇಕು. ಹೀಗಾಗಿ ಮೊದಲು ಕೈಬಿಡುವುದು ಅದನ್ನೇ. ನೀನು 18 ಬರೆದೆ. ನಮ್ಮ ಕಾಲದಲ್ಲಿ 20 ಬರೆಯುತ್ತಿದ್ದೆವು.

ಹೌದು, ನಾನೂ ಬರೆದಿದ್ದೇನೆ. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ.

ಓದು ಮುಗಿಸಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಶಸ್ತ್ರಚಿಕಿತ್ಸೆಯ ವಾರ್ಡ್, ರಾತ್ರಿ ಪಾಳಿ. ಇಬ್ಬರಿರಬೇಕಾಗಿತ್ತು, ಆ ರಾತ್ರಿ ನಾನೊಬ್ಬಳೇ. ಹೊಟ್ಟೆಯ ಆಪರೇಷನ್ ಆಗಿ ಮೂರನೆಯ ದಿನದಲ್ಲಿದ್ದ ಒಬ್ಬರು ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದರು. ಎಂದೂ ಯಾವುದಕ್ಕೂ ಕರೆದವರಲ್ಲ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಕೈಸನ್ನೆ ಮಾಡಿ ಕರೆದರು. "ಸಿಸ್ಟರ್, ದಿಂಬು, ಸ್ವಲ್ಪ, ಮೇಲೆ" ಎಂದರು. ನಾಲ್ಕು ಪದಕ್ಕೆ ನಾಲ್ಕು ಬಾರಿ ನಿಂತರು. ನಾನು ತಲೆ ಎತ್ತಿ ಹಿಡಿದು ದಿಂಬು ಸರಿಮಾಡಿದೆ. ಬೆವರಿಗೆ ದಿಂಬಿನ ಬಟ್ಟೆ ಒದ್ದೆಯಾಗಿತ್ತು, ಅದನ್ನೂ ಬದಲಿಸಿದೆ. ಮೂಗಿನ ಹೊಳ್ಳೆಗಳು ಅರಳಿ ಮುಚ್ಚುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿತ್ತು ಪುಟ್ಟಿ. ಇವತ್ತಿಗೂ ಕಾಣುತ್ತದೆ. ಆದರೂ ಮೇಜಿಗೆ ಹೋಗಿ ಚಾರ್ಟಿನಲ್ಲಿ 20 ಎಂದು ಬರೆದೆ. ಅದರ ಮೇಲಿನ ಸಾಲಿನಲ್ಲೂ 20 ಇತ್ತು, ಅದನ್ನು ಬರೆದವಳೂ ನಾನೇ. ಆರು ಗಂಟೆಗೆ ಮತ್ತೊಂದು 20.

ಎಂಟಕ್ಕೆ ರೌಂಡ್ಸಿಗೆ ಬಂದ ವೈದ್ಯರು ಅವರ ಎದೆಯನ್ನೇ ನೋಡುತ್ತ ಗಡಿಯಾರ ಹಿಡಿದು ಎಣಿಸಿದರು. 36. ಐಸಿಯುಗೆ ಸಾಗಿಸಿದರು. ಶ್ವಾಸಕೋಶದ ಸೋಂಕು ಮೈಗೆಲ್ಲ ಹರಡಿತ್ತು. ಎರಡು ದಿನ ಬಿಟ್ಟು ತೀರಿಕೊಂಡರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ವೈದ್ಯರು ಅವರ ಹೆಂಡತಿಗೆ ಆ ಚಾರ್ಟನ್ನೇ ತೋರಿಸಿ, "ಬೆಳಿಗ್ಗೆ ಆರರವರೆಗೂ ಎಲ್ಲ ಸರಿಯಾಗಿಯೇ ಇತ್ತು, ನೋಡಿ" ಎಂದು ಸಮಾಧಾನ ಹೇಳಿದರು. ಆಕೆ ನನ್ನ ಕೈ ಹಿಡಿದುಕೊಂಡು, "ರಾತ್ರಿಯೆಲ್ಲ ನೀವೇ ನೋಡಿಕೊಂಡಿರಿ" ಎಂದರು. ನಾನು ಬರೆದ ಸುಳ್ಳು ಅಷ್ಟು ಹೊತ್ತಿಗೆ ಎಲ್ಲರ ಪಾಲಿಗೆ ಸತ್ಯವಾಗಿಬಿಟ್ಟಿತ್ತು.

ನಾಲ್ಕು ಗಂಟೆಗೆ ಎಣಿಸಿದ್ದರೆ ಅವರು ಉಳಿಯುತ್ತಿದ್ದರೇ ಎಂದು ಎಷ್ಟು ವರ್ಷ ಕೇಳಿಕೊಂಡರೂ ಉತ್ತರ ಸಿಗಲಿಲ್ಲ. ನಾಲ್ಕು ಗಂಟೆ ಮೊದಲು ವೈದ್ಯರನ್ನು ಕರೆಯುತ್ತಿದ್ದೆ, ಅಷ್ಟು ಖಂಡಿತ. ಬೇರೆ ಲಕ್ಷಣಗಳು ಕೆಡುವ ಮೊದಲೇ ಎಷ್ಟೋ ಸಲ ಉಸಿರು ಏರುತ್ತದೆ. ರಕ್ತದೊತ್ತಡ ಕುಸಿಯುವ ಹೊತ್ತಿಗೆ ತುಂಬ ತಡವಾಗಿರುತ್ತದೆ. ನಿಮಗೀಗ ಅಪಾಯ ಹೆಚ್ಚಿದಷ್ಟೂ ಹೆಚ್ಚು ಅಂಕ ಕೊಡುವ ಚಾರ್ಟುಗಳು ಬಂದಿವೆ. ಬ್ರಿಟನ್ನಿನಲ್ಲಿ 2012ರಲ್ಲಿ ತಂದ ಮುನ್ನೆಚ್ಚರಿಕೆಯ ಅಂಕಪಟ್ಟಿಯಲ್ಲಿ ಉಸಿರು 12ರಿಂದ 20 ಇದ್ದರೆ ಸೊನ್ನೆ, 21ರಿಂದ 24ಕ್ಕೆ 2 ಅಂಕ, 25 ಮುಟ್ಟಿದರೆ 3. ಒಂದೇ ಲಕ್ಷಣಕ್ಕೆ 3 ಬಂದರೂ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಎಷ್ಟು ಒಳ್ಳೆಯ ವ್ಯವಸ್ಥೆ! ಆದರೆ ನಿನ್ನ 18ಕ್ಕೂ ನನ್ನ 20ಕ್ಕೂ ಅದು ಸೊನ್ನೆಯನ್ನೇ ಕೊಡುತ್ತದೆ. ನಾವು ಊಹಿಸಿ ಬರೆಯುವ ಅಂಕಿ ಯಾವಾಗಲೂ ಆರೋಗ್ಯವಂತರದೇ ಆಗಿರುತ್ತದೆ, ಗಮನಿಸಿದ್ದೀಯಾ? ಯಾರೂ ಊಹಿಸಿ 28 ಎಂದು ಬರೆಯುವುದಿಲ್ಲ.

ನಿನ್ನ ಪ್ರಶ್ನೆಗಳಿಗೆ ಬರುತ್ತೇನೆ. ಇದರಲ್ಲಿ ನನ್ನ ಮಾತು ಹಳತಾಗಿರಬಹುದು, ನಿನ್ನ ಅಧ್ಯಾಪಕಿಯರನ್ನೂ ಕೇಳು. ಪದವಿ ಮಾಡುವುದು ಒಳ್ಳೆಯದೇ. ಬೋಧನೆಗೆ, ಮೇಲ್ವಿಚಾರಣೆಗೆ, ಸಂಶೋಧನೆಗೆ ಹೋಗುವವರಿಗೆ ಅದಿಲ್ಲದೆ ಮುಂದೆ ದಾರಿ ಕಷ್ಟ. ನಾನು ಮಾಡಲಿಲ್ಲ, ಆ ಕೊರಗು ಇದೆ. ಆದರೆ ಡಿಪ್ಲೊಮಾ ಮುಗಿದ ಕೂಡಲೇ ಓಡಬೇಕೆಂದೇನೂ ಇಲ್ಲ. ಒಂದೆರಡು ವರ್ಷ ಸಾಮಾನ್ಯ ವಾರ್ಡಿನಲ್ಲಿ ದುಡಿದು ಹೋದರೆ ಪಾಠ ಬೇರೆಯೇ ರೀತಿಯಲ್ಲಿ ಅರ್ಥವಾಗುತ್ತದೆ. ಅಮೆರಿಕದ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ನರ್ಸ್ ಬೆಳೆಯುವುದನ್ನು ಐದು ಹಂತಗಳಲ್ಲಿ ವಿವರಿಸಿದ್ದಾರೆ. ಮೂರನೆಯ ಹಂತಕ್ಕೆ, ಅಂದರೆ ಕೆಲಸ ಒಂದು ಹಿಡಿತಕ್ಕೆ ಬರುವುದಕ್ಕೇ, ಒಂದೇ ಬಗೆಯ ವಾರ್ಡಿನಲ್ಲಿ ಎರಡು ಮೂರು ವರ್ಷ ಬೇಕು ಎಂಬುದು ಅವರ ಮಾತು. ನೀನು ಮೊದಲ ವರ್ಷವೇ ಎಲ್ಲ ಬರಬೇಕೆಂದು ಒದ್ದಾಡಬೇಡ.

ಐಸಿಯುನಲ್ಲಿ ಒಬ್ಬಿಬ್ಬರು ರೋಗಿಗಳಿಗೆ ಒಬ್ಬ ನರ್ಸ್ ಇರುತ್ತಾರೆ, ಪರದೆಯ ಮೇಲೆ ಎಲ್ಲ ಅಂಕಿಯೂ ಓಡುತ್ತಿರುತ್ತದೆ, ಅಲ್ಲಿ ಈ ತಪ್ಪು ಆಗುವುದಿಲ್ಲ ಎಂದು ನೀನು ಅದನ್ನು ಆರಿಸಿಕೊಳ್ಳುತ್ತಿದ್ದೀಯೇನೋ ಎಂದು ನನಗೆ ಅನುಮಾನ. ನನ್ನ ಊಹೆ ತಪ್ಪಾಗಿದ್ದರೆ ಕ್ಷಮಿಸು. ಆದರೆ ಆ ರಾತ್ರಿಯ ನಂತರ ನಾನು ಹಾಗೆಯೇ ಮಾಡಿದೆ. ವಾರ್ಡ್ ಬಿಟ್ಟು ಆಪರೇಷನ್ ಥಿಯೇಟರಿಗೆ ಹಾಕಿಸಿಕೊಂಡೆ. ರೋಗಿ ಮಲಗಿರುತ್ತಾರೆ, ಅರಿವಳಿಕೆಯ ವೈದ್ಯರು ಉಸಿರು ನೋಡಿಕೊಳ್ಳುತ್ತಾರೆ, ನನಗೆ ಚಾರ್ಟಿನ ಕಾಟವಿಲ್ಲ ಎಂದುಕೊಂಡೆ. ಅಲ್ಲಿ ಮೊದಲ ದಿನ ನನ್ನ ಕೈಗೆ ಕೊಟ್ಟದ್ದು ಎಣಿಕೆಯ ಕೆಲಸ. ಚಾಕು ಇಡುವ ಮೊದಲು ರಕ್ತ ಒರೆಸುವ ಗಾಜ್ ಬಟ್ಟೆ ಎಷ್ಟು, ಸೂಜಿ ಎಷ್ಟು, ಕತ್ತರಿ ಎಷ್ಟು; ಹೊಟ್ಟೆ ಮುಚ್ಚುವ ಮೊದಲು ಮತ್ತೆ; ಚರ್ಮ ಹೊಲಿಯುವಾಗ ಮತ್ತೆ. ಇಬ್ಬರು ಸೇರಿ, ಗಟ್ಟಿಯಾಗಿ ಹೇಳುತ್ತ ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆಯ ತಪಾಸಣಾ ಪಟ್ಟಿಯಲ್ಲೂ ಎಣಿಕೆ ಸರಿಯಿದೆ ಎಂದು ಬಾಯಿಬಿಟ್ಟು ಹೇಳಬೇಕಾದವಳು ನರ್ಸೇ. ಒಮ್ಮೆ ಒಂದು ಗಾಜ್ ಕಡಿಮೆ ಬಂತು. ಶಸ್ತ್ರಚಿಕಿತ್ಸಕರಿಗೆ ಅವಸರ, ಎಲ್ಲೋ ಬಿದ್ದಿರಬೇಕು ಎಂದರು. ನನ್ನ ನಾಲಿಗೆ ಒಣಗಿತು, ಆದರೂ "ಇಲ್ಲ ಸರ್, ಒಂದು ಸಿಕ್ಕಿಲ್ಲ" ಎಂದೆ. ಇಪ್ಪತ್ತು ನಿಮಿಷ ಎಲ್ಲರೂ ಕಾದರು. ಅದು ರೋಗಿಯ ಕೆಳಗೆ ಹಾಸಿದ ಹಸಿರು ಬಟ್ಟೆಯ ಮಡಿಕೆಯಲ್ಲಿತ್ತು. ಆ ದಿನ ನನಗೆ ಬೈಗುಳವೂ ಬಿತ್ತು. ಮನೆಗೆ ಹೋಗಿ ಎಷ್ಟೋ ತಿಂಗಳ ಮೇಲೆ ನಿದ್ದೆ ಮಾಡಿದೆ.

ಹಾಗಾಗಿ ಯಾವ ವಿಭಾಗ ಎಂದು ಕೇಳಿದರೆ ನನಗೆ ಹೇಳಲು ತೋಚುವುದಿಲ್ಲ, ಎಲ್ಲೆಲ್ಲಿಯೂ ಇದೇ ಎದುರಾಗುತ್ತದೆ. ಹೆರಿಗೆಯ ಕಡೆ ಹೋದರೆ ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಎಣಿಸುತ್ತೀಯೆ. ಮಾನಸಿಕ ಆರೋಗ್ಯದ ವಾರ್ಡಿನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ನೋಡಬೇಕಾದವರು ಇರುತ್ತಾರೆ. ಕಣ್ಣಾರೆ ನೋಡದೆ "ಮಲಗಿದ್ದಾರೆ" ಎಂದು ಬರೆದರೆ ಏನಾಗಬಹುದೆಂದು ಯೋಚಿಸು. ಸಮುದಾಯದ ಕೆಲಸಕ್ಕೆ ಹೋದರೆ ಕೆಮ್ಮುತ್ತಿರುವ ಕೂಸನ್ನು ತಾಯಿಯ ಮಡಿಲಲ್ಲೇ ಬಿಟ್ಟು, ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳಿನಿಂದ ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಬಂದರೆ ನ್ಯುಮೋನಿಯಾ ಇರಬಹುದೆಂದು ನೋಡಬೇಕು. ಆ ಮನೆಯಲ್ಲಿ ಎಕ್ಸ್‌ರೇ ಇರುವುದಿಲ್ಲ, ವೈದ್ಯರೂ ಇರುವುದಿಲ್ಲ. ಇನ್ನೊಮ್ಮೆ ಹುಟ್ಟಿದರೆ ನಾನು ಆ ಕೆಲಸ ಮಾಡುತ್ತೇನೆ.

ಹೊರದೇಶದ ವಿಷಯ ನನಗೆ ಹೆಚ್ಚು ತಿಳಿಯದು. ಅಂಕಪಟ್ಟಿ, ತರಬೇತಿಯ ಗಂಟೆಗಳ ದಾಖಲೆ, ಅನುಭವ ಪತ್ರ ಎಲ್ಲವನ್ನೂ ಈಗಿನಿಂದಲೇ ಜೋಡಿಸಿಡು. ಒಂದೊಂದು ದೇಶದ ನಿಯಮ ಒಂದೊಂದು, ಅಲ್ಲಿಯ ನರ್ಸಿಂಗ್ ನೋಂದಣಿ ಮಂಡಳಿ ಹೇಳಿದ್ದನ್ನೇ ನೇರವಾಗಿ ಓದು. ಏಜೆಂಟರ ಮಾತಿಗೆ ಹಣ ಕೊಡಬೇಡ.

ಆ 18ಕ್ಕೆ ಹಿಂದಿರುಗುತ್ತೇನೆ. ಬಿಡಲು ಆಗುತ್ತಿಲ್ಲ. "ಬರೆಯದಿದ್ದರೆ ಮಾಡಿಲ್ಲವೆಂದೇ ಲೆಕ್ಕ" ಎಂದು ನಿಮಗೂ ಕಲಿಸಿರಬೇಕು. ಮಾಡದೆ ಬರೆದರೆ ಏನು ಲೆಕ್ಕ ಎಂದು ನಮಗಂತೂ ಯಾರೂ ಕಲಿಸಲಿಲ್ಲ. ಚಾರ್ಟಿನಲ್ಲಿ ಖಾಲಿ ಮನೆ ಕಂಡರೆ ಸಿಸ್ಟರ್ ರೇಗುತ್ತಾರೆ ಎಂಬ ಹೆದರಿಕೆಗೇ ನಾವು ತುಂಬಿದ್ದು. ನಿನ್ನ ಕೈಲಿ ಆಗದಿದ್ದಾಗ ಖಾಲಿ ಬಿಡು ಪುಟ್ಟಿ. ಬೈಸಿಕೊಂಡರೂ ಪರವಾಗಿಲ್ಲ. ಖಾಲಿ ಮನೆಯನ್ನು ನೋಡಿದ ಇನ್ನೊಬ್ಬಳು ಹೋಗಿ ಎಣಿಸಿಯಾಳು, 18 ಇದ್ದರೆ ಯಾರೂ ಹೋಗುವುದಿಲ್ಲ. ಎಲ್ಲರಿಗೂ ಸಮಯ ಸಾಲದಿದ್ದರೆ ಆಪರೇಷನ್ ಆದವರು, ಮಾರ್ಫಿನ್‌ನಂಥ ಔಷಧ ಪಡೆದವರು, ಜ್ವರ ಇರುವವರು, ವಯಸ್ಸಾದವರು, ಇವರನ್ನು ಮೊದಲು ನೋಡು. ನಾಡಿ ನೋಡಿದ ಮೇಲೆ ಬೆರಳನ್ನು ಮಣಿಕಟ್ಟಿನಿಂದ ತೆಗೆಯದೆ, ಇನ್ನೂ ನಾಡಿಯನ್ನೇ ನೋಡುತ್ತಿರುವಂತೆ ನಿಂತು ಎದೆಯನ್ನು ಗಮನಿಸು. ಉಸಿರು ಎಣಿಸುತ್ತಿದ್ದಾರೆ ಎಂದು ತಿಳಿದರೆ ಅದರ ಗತಿಯೇ ಬದಲಾಗುತ್ತದೆ. ಒಂದೇ ಲಯದಲ್ಲಿದ್ದರೆ ಮೂವತ್ತು ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಬಹುದು, ಏರುಪೇರಿದ್ದರೆ ಪೂರ್ತಿ ನಿಮಿಷ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಬೇಸರಪಡಬೇಡ.

ಬರೆದದ್ದನ್ನು ಏನು ಮಾಡಬೇಕೆಂದು ನೀನು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ನಿನಗೆ ಪಾಠ ಹೇಳುವವರಲ್ಲಿ ಯಾರ ಮುಂದೆ ಬಾಯಿ ತೆರೆಯಲು ಆಗುತ್ತದೋ ಅವರಿಗೆ ಹೇಳು. ಇನ್ನೊಮ್ಮೆ ಹೀಗಾದರೆ ಆ ಪಾಳಿಯಲ್ಲೇ ಹೇಳು. ಹೇಳಿ, ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ನಿಜವಾದ ಅಂಕಿ, ಎಣಿಸಿದ ಸಮಯ, ಸಹಿ ಹಾಕು. ವೈಟ್ನರ್ ಹಚ್ಚಬೇಡ. ನಾನು ಹೇಳಬೇಕಾಗಿದ್ದ ಇನ್‌ಚಾರ್ಜ್ ಸಿಸ್ಟರ್ ಕಠಿಣ ಮನುಷ್ಯೆ, ಆದರೆ ಅನ್ಯಾಯ ಮಾಡುವವರಲ್ಲ. ಅವರ ಕೋಣೆಯ ಬಾಗಿಲಿನವರೆಗೆ ಮೂರು ಸಲ ಹೋಗಿ ಹಿಂದಿರುಗಿದೆ. ಅವರು ನಿವೃತ್ತರಾದ ದಿನ ಹೂವು ಕೊಟ್ಟು ನಮಸ್ಕರಿಸಿ ಬಂದೆ, ಆಗಲೂ ಹೇಳಲಿಲ್ಲ. ಈಗ ಅವರಿಲ್ಲ.

ಕಾಲೇಜಿನಲ್ಲಿ ಪ್ರತಿ ವರ್ಷ ಮೇ 12ರಂದು ದೀಪ ಹಚ್ಚಿ ನೈಟಿಂಗೇಲ್ ಅವರನ್ನು ನೆನೆಯುತ್ತೀರಿ. ನಾನೂ ಹಚ್ಚಿದ್ದೇನೆ. ಆಕೆ 1854ರಲ್ಲಿ, ಕ್ರಿಮಿಯಾ ಯುದ್ಧದ ಹೊತ್ತಿನಲ್ಲಿ, ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೈನಿಕ ಆಸ್ಪತ್ರೆಗೆ ಹೋದ ಕಥೆಯಲ್ಲಿ ದೀಪವೇ ದೊಡ್ಡದಾಗಿಬಿಟ್ಟಿದೆ. ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ಕಾಲರಾ, ಭೇದಿ, ಟೈಫಸ್‌ಗಳಿಂದ ಸತ್ತರೆಂದು ಆಕೆ ಆಮೇಲೆ ತಿಂಗಳು ತಿಂಗಳ ಸಾವಿನ ಲೆಕ್ಕವನ್ನು ಚಿತ್ರವಾಗಿ ಬರೆದು 1858ರಲ್ಲಿ ಆಳುವವರ ಮುಂದೆ ಇಟ್ಟರು. ಅಲ್ಲಿ ಸತ್ತವರ ದಾಖಲೆಯೇ ಸರಿಯಾಗಿರಲಿಲ್ಲವೆಂದು ಆಕೆ ಎಷ್ಟು ಕಟುವಾಗಿ ದೂರಿದ್ದರು ಎಂಬುದನ್ನು ನಾನು ತಿಳಿದದ್ದು ನಿವೃತ್ತಿಯ ನಂತರ. ದೀಪ ಹಿಡಿಯುವ ವಯಸ್ಸಿನಲ್ಲೇ ಇದನ್ನು ಯಾರಾದರೂ ಹೇಳಿದ್ದರೆ ಎಂದು ಅನಿಸುತ್ತದೆ.

ಇಂಥವಳೇ ಆಗಿಬಿಡುತ್ತೇನೇನೋ ಎಂದು ಕೇಳಿದ್ದೀಯೆ. ಆಗುವುದಿಲ್ಲ ಎಂದು ಆಣೆಯಿಟ್ಟು ಹೇಳಲು ನನಗೆ ಅಧಿಕಾರವಿಲ್ಲ. ನಾನು ಯಾರಿಗೂ ಬರೆಯಲಾಗದ್ದನ್ನು ನೀನು ಒಂದೇ ವಾರದಲ್ಲಿ ನನಗೆ ಬರೆದೆ, ಅದನ್ನು ಓದಿ ನನಗೆ ಎಷ್ಟು ಸಂಕಟವಾಯಿತೋ ಅಷ್ಟೇ ಧೈರ್ಯವೂ ಬಂತು.

ರಾತ್ರಿ ಪಾಳಿ ಮುಗಿಸಿ ಬಂದ ದಿನ ಹಗಲು ಕಿಟಕಿಗೆ ದಪ್ಪ ಪರದೆ ಹಾಕಿ ಮಲಗು. ಬೆನ್ನು ಬಗ್ಗಿಸಿ ರೋಗಿಯನ್ನು ಎತ್ತಬೇಡ, ಮಂಡಿ ಬಗ್ಗಿಸು, ಇನ್ನೊಬ್ಬರನ್ನು ಕರೆ. ನನ್ನ ಸೊಂಟ ಹೋದದ್ದು ಹಾಗೆಯೇ.

ನಿನ್ನ ಪತ್ರವನ್ನು ಮತ್ತೆ ಮತ್ತೆ ತಿರುವಿ ನೋಡಿದೆ. ಒಂದು ವಿಷಯ ಬರೆಯುವುದನ್ನು ಮರೆತಿದ್ದೀಯೆ. ಆ ಹನ್ನೊಂದನೇ ಹಾಸಿಗೆಯ ಹಿರಿಯರು ಈಗ ಹೇಗಿದ್ದಾರೆ? ಹೆಸರು ಬೇಡ. ಹೇಗಿದ್ದಾರೆ ಎಂದಷ್ಟೇ ಬರೆ.

ಇಂತಿ,
ನಿನ್ನ ದೊಡ್ಡಮ್ಮ