ಆಯಿ ಕೇಳಿದ ಸೋರೆಬುರುಡೆ

ಸಾಲ್ವಡಾರ್, ಬ್ರೆಜಿಲ್

ಅಪ್ಪಯ್ಯನಿಗೆ, ಆಯಿಗೆ ನಮಸ್ಕಾರಗಳು. ತಮ್ಮನಿಗೆ ಆಶೀರ್ವಾದಗಳು.

ಇಲ್ಲಿಯ ಕಪೊಯೇರಾದ ವಿಡಿಯೊ, ಅಂದರೆ ವಾದ್ಯ, ಹಾಡಿನ ಜೊತೆ ಇಬ್ಬರು ಒದೆ, ತಪ್ಪಿಸುವಿಕೆಗಳಲ್ಲಿ ಎದುರುಬದುರಾಗುವುದನ್ನು ನೋಡಿ ತಮ್ಮ ಕೇಳಿದ್ದು ಇದು ಜಗಳವೋ ಕುಣಿತವೋ ಅಂತ. ಆಯಿ ಕೇಳಿದ್ದು, ಅಲ್ಲಿ ನುಡಿಸುವ ಆ ಬಿಲ್ಲಿನಂಥ ವಾದ್ಯಕ್ಕೆ ಸೋರೆಬುರುಡೆ ಯಾಕೆ ಕಟ್ಟಿದ್ದಾರೆ ಅಂತ. ಆಯಿಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಕಪೊಯೇರಾದ ಜೀವ ಇರುವುದು ಅಲ್ಲಿಯೇ.

ಆ ಬಿಲ್ಲಿನ ಹೆಸರು ಬೆರಿಂಬಾವ್. ಆಳೆತ್ತರಕ್ಕೆ ತುಸು ಕಡಿಮೆ ಉದ್ದದ ಕೋಲು. ಬಿರಿಬಾ ಎಂಬ ಮರದ್ದಾದರೆ ಒಳ್ಳೆಯದು, ಬಾಗುತ್ತದೆ, ಮುರಿಯುವುದಿಲ್ಲ. ತಂತಿಯನ್ನು ಹಳೆಯ ಕಾರಿನ ಟೈರಿನ ಅಂಚು ಸೀಳಿ ತೆಗೆಯುತ್ತಾರೆ. ಕೋಲಿನ ಮೇಲ್ತುದಿಗೆ ಒಂದು ಚರ್ಮದ ತುಂಡು ಇರಲೇಬೇಕು, ಇಲ್ಲದಿದ್ದರೆ ಬಿಗಿದ ತಂತಿ ಮರವನ್ನೇ ಸೀಳಿಕೊಂಡು ಹೋಗುತ್ತದೆ. ಬುರುಡೆಯನ್ನು ಕೆಳತುದಿಯಿಂದ ಸುಮಾರು ಒಂದು ಗೇಣು ಮೇಲೆ, ಕೋಲನ್ನೂ ತಂತಿಯನ್ನೂ ಒಟ್ಟಿಗೆ ಸುತ್ತುವ ದಾರದಿಂದ ಕಟ್ಟುತ್ತಾರೆ. ಎಡಗೈಯ ಕಿರುಬೆರಳು ಆ ದಾರದ ಕೆಳಗೆ ಹೋಗುತ್ತದೆ. ವಾದ್ಯದ ಅಷ್ಟೂ ಭಾರ ಆ ಒಂದು ಬೆರಳಿನ ಮೇಲೆ! ಹೊಸಬರು ಐದು ನಿಮಿಷಕ್ಕೇ ಕೆಳಗಿಡುವುದು ಅದಕ್ಕೇ. ಹೆಬ್ಬೆರಳು, ತೋರುಬೆರಳ ನಡುವೆ ಒಂದು ನಾಣ್ಯ ಅಥವಾ ನುಣುಪು ಕಲ್ಲು. ಬಲಗೈಯಲ್ಲಿ ತೆಳು ಕಡ್ಡಿ, ಅದರ ಜೊತೆಗೆ ಬೀಜ ತುಂಬಿದ ಪುಟ್ಟ ಬುಟ್ಟಿಯ ಗಿಲಕಿ. ಕಲ್ಲು ಮುಟ್ಟಿಸದೆ ಹೊಡೆದರೆ ಒಂದು ಸ್ವರ, ಒತ್ತಿ ಹಿಡಿದರೆ ಇನ್ನೊಂದು, ತುಸುವೇ ತಾಗಿಸಿದರೆ ಜೀರುಂಡೆಯಂತೆ ಜುಂಯ್‌ಗುಡುವ ಮೂರನೆಯದು. ಬುರುಡೆಯ ಬಾಯಿಯನ್ನು ಹೊಟ್ಟೆಗೆ ಒತ್ತಿ, ಬಿಟ್ಟು ಮಾಡಿದಾಗ ನಾದ ಮುಚ್ಚಿ ತೆರೆಯುತ್ತದೆ. ಬುರುಡೆ ಇರುವುದು ಇದಕ್ಕೆ ಆಯಿ. ಅದಿಲ್ಲದಿದ್ದರೆ ತಂತಿಯ ಸದ್ದು ಎರಡು ಮಾರು ದೂರಕ್ಕೂ ಕೇಳುವುದಿಲ್ಲ.

ಕಪೊಯೇರಾದ ಹಳೆಯ ಬಗೆಯಾದ ಅಂಗೋಲ ಪದ್ಧತಿಯಲ್ಲಿ ಮೂರು ಬೆರಿಂಬಾವ್‌ಗಳು ಸಾಲಾಗಿ ನಿಲ್ಲುತ್ತವೆ. ದೊಡ್ಡ ಬುರುಡೆಯ, ಮಂದ್ರ ದನಿಯ ಗುಂಗಾ, ನಡುವಿನದು ಮೆದಿಯೊ, ಸಣ್ಣದು ವಿಯೋಲಾ. ಗುಂಗಾ ಹಿಡಿದವರು ನಮ್ಮ ಭಾಗವತರಿದ್ದ ಹಾಗೆ. ಆಟ ಯಾವಾಗ ಶುರು, ಎಷ್ಟು ಬಿರುಸು, ಯಾವಾಗ ಸಾಕು, ಎಲ್ಲ ಅವರ ಕೈಯಲ್ಲಿ. ಇಬ್ಬರ ನಡುವೆ ಸಿಟ್ಟು ಏರಿತೆಂದರೆ ಗುಂಗಾ ಒಂದೇ ಸ್ವರವನ್ನು ಮತ್ತೆ ಮತ್ತೆ ಬಡಿದು ಕರೆಯುತ್ತದೆ. ಆಗ ಆಡುವವರು ಎಲ್ಲಿದ್ದರೂ ಬಿಟ್ಟು ಬಂದು ಅದರ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂರಬೇಕು. ಇಲ್ಲಿಯವರು ಇದನ್ನು ಕುಣಿತ ಅನ್ನುವುದಿಲ್ಲ, ಜಗಳ ಅನ್ನುವುದೂ ಅಪರೂಪ. ‘ಜೋಗೊ’ ಅನ್ನುತ್ತಾರೆ, ಆಟ ಅಂತಲೇ ಅರ್ಥ. ಯಕ್ಷಗಾನಕ್ಕೆ ಆಟ ಅನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಮ್ಮಾ, ನಿನಗೆ ಆಟದ ಮಾತು. ಎಲ್ಲದರ ತಳಪಾಯ ‘ಜಿಂಗಾ’ ಎಂಬ ತೂಗುವ ಹೆಜ್ಜೆ. ಒಂದು ಕಾಲು ಓರೆಯಾಗಿ ಹಿಂದಕ್ಕೆ, ಮತ್ತೆ ಪಕ್ಕಕ್ಕೆ, ಆಮೇಲೆ ಇನ್ನೊಂದು ಕಾಲು ಹಿಂದಕ್ಕೆ. ನೆಲದ ಮೇಲೆ ತ್ರಿಕೋನ ಬರೆದ ಹಾಗೆ. ಬಲಗಾಲು ಹಿಂದೆ ಹೋದಾಗ ಬಲಗೈ ಮುಖದ ಮುಂದೆ ಅಡ್ಡ ಬರಬೇಕು. ಹೊಸಬರ ತಪ್ಪು ಎರಡು: ಮೇಲೆ ಕೆಳಗೆ ಕುಪ್ಪಳಿಸುವುದು, ಎರಡೂ ಪಾದಗಳನ್ನು ಒಂದೇ ಗೆರೆಗೆ ತರುವುದು. ಒಂದೇ ಗೆರೆಗೆ ಬಂದ ಪಾದದವನನ್ನು ಬೀಳಿಸಲು ಬಲ ಬೇಕಾಗಿಲ್ಲ.

ನೀನು ನಿಲ್ಲಿಸಿ ನಿಲ್ಲಿಸಿ ನೋಡಿದ ಒದೆ ‘ಮೇಯಾ ಲೂವಾ ದಿ ಕೊಂಪಾಸು’. ಕೈ ನೆಲಕ್ಕೆ ಊರಿ, ಸೊಂಟ ತಿರುಗಿಸಿ, ಹಿಮ್ಮಡಿಯನ್ನು ಅರ್ಧ ಸುತ್ತು ಬೀಸುವುದು. ತಲೆ ಕೆಳಗಿದ್ದರೂ ಎದುರಾಳಿಯ ಮೇಲಿಂದ ಕಣ್ಣು ಕೀಳಬಾರದು. ಕಣ್ಣು ಕಿತ್ತ ಆ ಚಣಕ್ಕೇ ಎದುರಿನವನು ಕೆಳಗೆ ಜಾರಿ, ಊರಿದ ಕಾಲಿನ ಹಿಂದೆ ತನ್ನ ಪಾದವನ್ನು ಕೊಕ್ಕೆಯಂತೆ ಸಿಕ್ಕಿಸಿ ಎಳೆಯುತ್ತಾನೆ. ಅದು ಹಸ್ತೇಯ್ರಾ. ಗಾಳಿಯಲ್ಲಿ ಹಾರುವ ಪಲ್ಟಿಗಿಂತ ಆ ಎಳೆತವೇ ನನಗೆ ದೊಡ್ಡದು, ಅದಕ್ಕೆ ಗಳಿಗೆಯ ಲೆಕ್ಕ ಬೇಕು. ಬಲ್ಲ ಹಿರಿಯರು ಬೀಳಿಸುವುದೂ ಇಲ್ಲ. ಪಾದವನ್ನು ಅಲ್ಲಿಟ್ಟು ನಗುತ್ತಾರೆ, ಅಷ್ಟರಲ್ಲೇ ಇಬ್ಬರಿಗೂ ತಿಳಿದಿರುತ್ತದೆ.

ಇದನ್ನು ಕಟ್ಟಿದವರು ಪೋರ್ಚುಗೀಸರ ಕೈಯಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರು, ಅವರ ಮಕ್ಕಳು ಮೊಮ್ಮಕ್ಕಳು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹಿರಿಯರಲ್ಲಿ ಹಲವರನ್ನು ಗೋವೆಗೆ ತಂದವರೂ ಅದೇ ಪೋರ್ಚುಗೀಸರು. 1888ರಲ್ಲಿ ಇಲ್ಲಿ ಗುಲಾಮಗಿರಿ ಹೋಯಿತು, 1890ರ ದಂಡಸಂಹಿತೆಯಲ್ಲಿ ಬೀದಿಯಲ್ಲಿ ಕಪೊಯೇರಾ ಆಡಿದವರಿಗೆ ಎರಡರಿಂದ ಆರು ತಿಂಗಳ ಜೈಲು ಬಂತು. ಕುದುರೆಯ ಗೊರಸಿನ ಸದ್ದನ್ನು ನುಡಿಸುವ ‘ಕವಲರಿಯಾ’ ಎಂಬ ಬೆರಿಂಬಾವ್ ತಾಳ ಇದೆ. ಪೊಲೀಸರ ಕುದುರೆಗಳು ಬರುತ್ತಿವೆ ಎಂದು ಎಚ್ಚರಿಸಲು ಹುಟ್ಟಿದ್ದು ಅನ್ನುತ್ತಾರೆ. ಮೆಸ್ತ್ರೆ (ಅಂದರೆ ಗುರು) ಬಿಂಬಾ 1932ರಲ್ಲಿ ಇದೇ ಊರಲ್ಲಿ ಶಾಲೆ ತೆರೆದು ಬಿರುಸಿನ ಪದ್ಧತಿ ಕಲಿಸಿದರು. ಮೆಸ್ತ್ರೆ ಪಾಸ್ತಿಞಾ ಹಳೆಯ ಅಂಗೋಲ ಪದ್ಧತಿಯನ್ನು ಕಾಪಾಡಿದರು. 2014ರಲ್ಲಿ ಕಪೊಯೇರಾ ಸುತ್ತು ಯುನೆಸ್ಕೊದ ಪರಂಪರೆಯ ಪಟ್ಟಿಗೂ ಸೇರಿತು.

ಮುಂದೆ ನೀವು ಬಂದಾಗ ನೋಡುವ ಕ್ರಮವನ್ನೂ ಹೇಳಿಬಿಡುತ್ತೇನೆ. ಹಳೆಯ ಪೇಟೆಯಾದ ಪೆಲೊರಿಞೊ ಬಳಿಯ ತೆಹೇಯ್ರು ದಿ ಜೆಜೂಸ್ ಚೌಕದಲ್ಲಿ ಹಗಲು ಆಡುವವರು ಹೆಚ್ಚಾಗಿ ಪಲ್ಟಿ ತೋರಿಸುತ್ತಾರೆ, ಫೋಟೊ ತೆಗೆದರೆ ದುಡ್ಡು ಕೇಳುತ್ತಾರೆ. ಅದು ಅವರ ಹೊಟ್ಟೆಪಾಡು, ಮೊದಲೇ ಮಾತಾಡಿ ಕೊಟ್ಟುಬಿಡಬೇಕು. ನಿಧಾನದ ಆಟ ನೋಡಲು ಸಾಂತು ಆಂತೋನಿಯು ಕೋಟೆಗೆ ಹೋಗಬೇಕು, ಅಲ್ಲಿ ಕಲಿಸುವ ಶಾಲೆಗಳಿವೆ. ಆಡುವವರ ಸುತ್ತ ಜನ ಸುತ್ತು ಕಟ್ಟಿದಾಗ ಮುಂದಿನವರಿಗಿಂತ ಒಂದು ಹೆಜ್ಜೆ ಹಿಂದೆ ನಿಲ್ಲಿ, ಬೀಸುವ ಕಾಲಿನ ಅಳತೆ ಕಣ್ಣಿಗೆ ಸಿಗುವುದಿಲ್ಲ. ವಾದ್ಯದವರ ಮತ್ತು ಆಡುವವರ ನಡುವೆ ಯಾವತ್ತೂ ದಾಟಬಾರದು. ಪಲ್ಲವಿಗೆ ಎಲ್ಲರೂ ದನಿಗೂಡಿಸಿದಾಗ ನೀವೂ ದನಿಗೂಡಿಸಿ. ಸುಮ್ಮನೆ ನಿಂತವರಿಂದ ಸುತ್ತು ತಣ್ಣಗಾಗುತ್ತದೆ.

ಆಯಿ, ಅಟ್ಟದಲ್ಲಿರುವ ಒಣ ಸೋರೆಬುರುಡೆಗಳಲ್ಲಿ ಗುಂಡಗಿನದು, ದಪ್ಪ ಸಿಪ್ಪೆಯದು ಒಂದನ್ನು ತೆಗೆದಿಡಿ. ತೊಟ್ಟಿನ ಕಡೆಯಿಂದ ಬಾಯಿ ಕೊಯ್ದು, ಬೀಜ ತಿರುಳು ಕೆರೆದು, ತಳದಲ್ಲಿ ಎರಡು ಬೆರಳಿನ ಅಂತರಕ್ಕೆ ಎರಡು ತೂತು ಹಾಕಲು ತಮ್ಮನಿಗೆ ಹೇಳಿ. ಸಣ್ಣ ಮೊಳೆ ಕಾಯಿಸಿ ಚುಚ್ಚಿದರೆ ಬಿರುಕು ಬಿಡುವುದಿಲ್ಲ. ಕೋಲಿಗೆ ಸದ್ಯಕ್ಕೆ ಬಿದಿರು ಸಾಕು. ನುಡಿಸಿ ಮುಗಿದ ಮೇಲೆ ತಂತಿ ಸಡಿಲಿಸಿ ಇಡಲಿ, ಬಿಗಿದೇ ಬಿಟ್ಟರೆ ಕೋಲು ಬಾಗಿಯೇ ಉಳಿದು ದನಿ ಸತ್ತುಹೋಗುತ್ತದೆ.

ನಿಮ್ಮ ಮಗ